ಕೊಟ್ಟಿಗೆ ಮಾಡಿನ ಮೇಲೆ ಸೂರ್ಯ ಘರ್: ಒಂದು ಮಳೆಗಾಲ ಕಳೆದ ಮೇಲೆ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಕಡೆಯ ನಮ್ಮ ಮನೆಗೆ, ಮಾಡಿನ ಮೇಲಿನ ಸೌರ ವಿದ್ಯುತ್ತಿಗೆ ಕೇಂದ್ರ ಸರ್ಕಾರ ಸಹಾಯಧನ ಕೊಡುವ ಪಿಎಂ ಸೂರ್ಯ ಘರ್ ಯೋಜನೆಯಡಿ 3.3 ಕಿಲೋವ್ಯಾಟ್‌ನ ಸೌರ ಘಟಕ ಹಾಕಿಸಿ, 2025ರ ಜನವರಿಯಲ್ಲಿ ಅದಕ್ಕೆ ಚಾಲನೆ ಕೊಟ್ಟೆವು. ಒಂದು ಪೂರ್ತಿ ಮಳೆಗಾಲವನ್ನು ನೋಡದೆ ಈ ಸೀಮೆಯಲ್ಲಿ ಸೌರ ವಿದ್ಯುತ್ತಿನ ಬಗ್ಗೆ ಬರೆಯುವುದು ಸರಿಯಲ್ಲವೆಂದು ವರ್ಷವಿಡೀ ಸುಮ್ಮನಿದ್ದೆ. ಯೋಜನೆಯ ಬಗ್ಗೆ ಮತ್ತು ಘಟಕ ಅಳವಡಿಸಿದ ಶಿವಮೊಗ್ಗದ ಸಂಸ್ಥೆಯ ಸೇವೆಯ ಬಗ್ಗೆ ನನ್ನ ಅಭಿಪ್ರಾಯಗಳು ಬೇರೆಬೇರೆ. ಯೋಜನೆಗೆ ಕೊಡುವಷ್ಟು ಅಂಕವನ್ನು ಸಂಸ್ಥೆಗೆ ಕೊಡಲಾರೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳುವ ತಪ್ಪುಗಳು ಬಯಲುಸೀಮೆಯ ಅಳತೆಯಲ್ಲಿ ಮಲೆನಾಡಿಗೆ ಕೆಲಸ ಮಾಡುವ ಯಾರಿಂದಲಾದರೂ ಆಗಬಹುದಾದವು.

ಮೊದಲು ಹಣದ ವಿಚಾರ. 2024ರ ಫೆಬ್ರುವರಿಯಲ್ಲಿ ಆರಂಭವಾದ ಈ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಹೀಗೆ ಒಟ್ಟು 78,000 ರೂಪಾಯಿ ಸಹಾಯಧನ ಸಿಗುತ್ತದೆ. ಮೂರು ಕಿಲೋವ್ಯಾಟ್ ದಾಟಿದರೆ ಹೆಚ್ಚಿಗೆ ಏನೂ ಇಲ್ಲ. ನೋಂದಾಯಿತ ಸಂಸ್ಥೆಯಿಂದಲೇ ಹಾಕಿಸಬೇಕು, ಫಲಕಗಳು ಭಾರತದಲ್ಲೇ ತಯಾರಾದ ಕೋಶಗಳಿಂದ ಮಾಡಿದವಾಗಿರಬೇಕು, ಮತ್ತು ಐದು ವರ್ಷದ ನಿರ್ವಹಣೆ ಆ ಸಂಸ್ಥೆಯ ಹೊಣೆ. ನಮಗೆ ಎಲ್ಲ ಸೇರಿ 2,05,000 ರೂಪಾಯಿ ತಗುಲಿತು. ಪೂರ್ತಿ ಹಣವನ್ನು ನಾವೇ ಮೊದಲು ಕೊಟ್ಟೆವು. ಘಟಕ ಚಾಲನೆಗೊಂಡ ಐದನೆಯ ವಾರದಲ್ಲಿ 78,000 ರೂಪಾಯಿ ಯಾವ ಮಧ್ಯವರ್ತಿಯೂ ಇಲ್ಲದೆ ನೇರವಾಗಿ ಖಾತೆಗೆ ಬಂದಿತು. ಸರ್ಕಾರಿ ಹಣಕ್ಕಾಗಿ ಚಪ್ಪಲಿ ಸವೆಸಿದ ತಲೆಮಾರಿನವನಾದ ನನಗೆ ಇದು ಸಣ್ಣ ಸಂಗತಿಯಲ್ಲ.

ಈ ಸಹಾಯಧನ ಬಂದ ದಾರಿಯ ಬಗ್ಗೆ ಒಂದು ಮಾತು ಹೇಳಬೇಕು. ಅಮೆರಿಕದಲ್ಲಿರುವ ನನ್ನ ಭಾವಮೈದುನ ತನ್ನ ಮನೆಯ ಹಳೆಯ ಕಿಟಕಿಗಳನ್ನು ಬದಲಿಸಿ, ಅದರ ವೆಚ್ಚದ ಶೇ 30ರಷ್ಟನ್ನು, 600 ಡಾಲರ್ ಮಿತಿಯೊಳಗೆ, ತಾನು ಕಟ್ಟಬೇಕಾದ ಆದಾಯ ತೆರಿಗೆಯಲ್ಲೇ ಕಳೆದುಕೊಂಡ. ಅಲ್ಲಿ ಇಂಥ ಸುಧಾರಣೆಗಳಿಗೆ ವರ್ಷಕ್ಕೆ 1,200 ಡಾಲರ್‌ವರೆಗೆ, ಹೀಟ್ ಪಂಪ್‌ ಹಾಕಿಸಿದರೆ 2,000 ಡಾಲರ್‌ವರೆಗೆ ತೆರಿಗೆ ವಿನಾಯಿತಿ ಇತ್ತು. 2025ರಲ್ಲಿ ಬಂದ ಹೊಸ ಕಾನೂನಿನಿಂದಾಗಿ ಆ ವರ್ಷದ ಡಿಸೆಂಬರ್ 31ಕ್ಕೆ ಅದು ಮುಗಿದುಹೋಯಿತು. ನಿಮ್ಮಲ್ಲೂ ಹೀಗೆ ತೆರಿಗೆಯಲ್ಲಿ ಕಳೆಯುತ್ತಾರೆಯೇ ಎಂದು ಅವನು ಕೇಳಿದಾಗ ನನಗೆ ನಗು ಬಂತು. ಅಡಿಕೆಯ ಆದಾಯ ಕೃಷಿ ಆದಾಯವಾದ್ದರಿಂದ ಅದಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ; ಕಟ್ಟುವ ತೆರಿಗೆಯೇ ಇಲ್ಲದವನಿಗೆ ತೆರಿಗೆಯಲ್ಲಿ ಕಳೆದುಕೊಳ್ಳಿ ಎಂದರೆ ಹಲ್ಲಿಲ್ಲದವನಿಗೆ ಕಡಲೆ ಕೊಟ್ಟಂತೆ. ಅಮೆರಿಕದ ಆ ವಿನಾಯಿತಿಯೂ ಕಟ್ಟಬೇಕಾದ ತೆರಿಗೆಯಷ್ಟಕ್ಕೇ ಸೀಮಿತವಾಗಿತ್ತು, ಮಿಕ್ಕಿದ್ದನ್ನು ಕೈಗೆ ಕೊಡುತ್ತಿರಲಿಲ್ಲ. ಮಲೆನಾಡಿನ ಬೆಳೆಗಾರನಿಗೆ ಖಾತೆಗೆ ಬೀಳುವ ಹಣವೇ ಸರಿಯಾದ ವ್ಯವಸ್ಥೆ ಎಂದು ಅನುಭವದಿಂದ ಹೇಳುತ್ತೇನೆ. ತೆರಿಗೆಯ ಲೆಕ್ಕದಲ್ಲಿ ನಾವು ಸೋತದ್ದು ಜಿಎಸ್‌ಟಿಯಲ್ಲಿ ಮಾತ್ರ: ಉಪಕರಣಕ್ಕೊಂದು ದರ, ಅಳವಡಿಕೆಯ ಸೇವೆಗೆ ಅದಕ್ಕಿಂತ ಹೆಚ್ಚಿನ ಇನ್ನೊಂದು ದರ ಸೇರಿ ನಮ್ಮ ಬಿಲ್ಲಿಗೆ ಶೇ 13.8ರಂತೆ ಬಿತ್ತು; 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ದರ ಶೇ 12ರಿಂದ ಶೇ 5ಕ್ಕೆ ಇಳಿದ ಕಾರಣ ಈಗ ಹಾಕಿಸುವವರಿಗೆ ಶೇ 8.9 ಬೀಳುತ್ತದೆ.

ಅರ್ಜಿ ಸಲ್ಲಿಸುವುದು ಕಷ್ಟವಲ್ಲ. ನಮಗೆ ತಡವಾದದ್ದು ನಮ್ಮದೇ ತಪ್ಪಿನಿಂದ: ಮೆಸ್ಕಾಂ ಬಿಲ್ಲು ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ತಂದೆಯವರ ಹೆಸರಿನಲ್ಲೇ ಬರುತ್ತಿತ್ತು, ಬ್ಯಾಂಕ್ ಖಾತೆ ನನ್ನ ಹೆಸರಿನಲ್ಲಿತ್ತು. ಹೆಸರು ಬದಲಿಸಿಕೊಳ್ಳುವುದರಲ್ಲಿ ಒಂದೂವರೆ ತಿಂಗಳು ಹೋಯಿತು. ನಮ್ಮ ಕಡೆ ಅರ್ಧ ಮನೆಗಳ ಕಥೆ ಇದೇ ಆಗಿರುವುದರಿಂದ, ಅರ್ಜಿಗೆ ಕೈಹಾಕುವ ಮೊದಲು ಬಿಲ್ಲಿನ ಮೇಲೆ ಯಾರ ಹೆಸರಿದೆ ಎಂದು ನೋಡಿಕೊಳ್ಳಿ.

ಸಂಸ್ಥೆಯ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಸ್ಥಳ ನೋಡಲು ಬಂದ ಹುಡುಗ ನೇರವಾಗಿ ಆರ್‌ಸಿಸಿ ತಾರಸಿಗೆ ಹತ್ತಿ, ಇಲ್ಲಿಯೇ ಪ್ರಶಸ್ತ ಎಂದ. ಅಕ್ಟೋಬರ್‌ನಿಂದ ಜನವರಿವರೆಗೆ ಆ ತಾರಸಿ ಅಡಿಕೆ ಒಣಗಿಸುವ ಅಂಕಣ. ಅಲ್ಲಿ ಫಲಕ ನಿಲ್ಲಿಸಿದರೆ ಅದರ ನೆರಳಿನಲ್ಲಿ ಬೇಯಿಸಿದ ಅಡಿಕೆ ಬೂಸಲು ಹಿಡಿಯುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಮನೆಯ ಮುಖ್ಯ ಮಾಡು ಮಂಗಳೂರು ಹಂಚಿನದು, ಮೇಲೆ ಕಾಲಿಟ್ಟರೆ ಒಡೆಯುತ್ತದೆ. ಮಂಗಗಳ ಕಾಟದಿಂದ ವರ್ಷಕ್ಕೆರಡು ಬಾರಿ ಹಂಚು ಬದಲಿಸುವ ಮಾಡಿನ ಮೇಲೆ ಫಲಕ ಕೂರಿಸಿದರೆ ಆಮೇಲೆ ಅದರ ಕೆಳಗೆ ಸೋರುವ ಜಾಗ ಹುಡುಕುವವರು ಯಾರು? ಕೊನೆಗೆ ದಕ್ಷಿಣಕ್ಕೆ ಇಳಿಜಾರಿರುವ, ತೋಟದ ಮರಗಳ ನೆರಳು ಬೀಳದ ಕೊಟ್ಟಿಗೆಯ ತಗಡಿನ ಮಾಡನ್ನು ನಾವೇ ತೋರಿಸಿದೆವು. ಆರು ಫಲಕಗಳು ಅಲ್ಲಿ ಸರಿಯಾಗಿ ಕೂತವು. ಕಬ್ಬಿಣದ ಚೌಕಟ್ಟಿನ ಕೆಲಸ ಗಟ್ಟಿಯಾಗಿದೆ. ಜುಲೈ ತಿಂಗಳ ಗಾಳಿಗೂ ಅಲುಗಾಡಲಿಲ್ಲ. ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಆದರೆ ಭೂಸಂಪರ್ಕದ ವಿಷಯದಲ್ಲಿ ಅವರು ಮಾಡಿದ್ದು ಕ್ಷಮಿಸುವಂಥದ್ದಲ್ಲ. ಫಲಕಗಳ ಕಡೆಯ ಡಿಸಿ ಭಾಗಕ್ಕೆ, ಮನೆಯ ಲೈನಿನ ಕಡೆಯ ಎಸಿ ಭಾಗಕ್ಕೆ, ಸಿಡಿಲು ತಡೆಗೆ ಪ್ರತ್ಯೇಕವಾಗಿ ಮೂರು ಅರ್ತಿಂಗ್ ಗುಂಡಿಗಳು ಬೇಕು. ಇವರು ಎರಡನ್ನೇ ತೋಡಿ, ಸಿಡಿಲು ತಡೆಯ ತಂತಿಯನ್ನು ಎಸಿ ಗುಂಡಿಗೇ ಸೇರಿಸಿ ಹೋಗಿದ್ದರು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ಎಂಥದ್ದೆಂದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಜೊತೆಗೆ ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗುವುದರಿಂದ ವಿದ್ಯುತ್ತನ್ನು ಸುಲಭವಾಗಿ ಎಳೆದುಕೊಳ್ಳುವುದಿಲ್ಲ. ಗುಂಡಿ ಆಳವಾಗಿರಬೇಕು, ತೇವ ಉಳಿಯಬೇಕು. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಬಂದು ನೋಡಿ ಹೇಳದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ನಾಲ್ಕು ಬಾರಿ ಫೋನ್ ಮಾಡಿದ ಮೇಲೆ, ಮೊದಲ ಮಳೆಗೆ ಎಂಟು ದಿನ ಇರುವಾಗ ಮೂರನೆಯ ಗುಂಡಿ ಆಯಿತು.

ಎರಡನೆಯ ತಕರಾರು ಅವರು ಹೇಳದೆ ಬಿಟ್ಟ ಮಾತಿನದು. ಬ್ಯಾಟರಿ ಇಲ್ಲದ ಇಂಥ ಘಟಕ ಲೈನಿನಲ್ಲಿ ಕರೆಂಟ್ ಇದ್ದಾಗ ಮಾತ್ರ ನಡೆಯುತ್ತದೆ. ಕಂಬದ ಮೇಲೆ ದುರಸ್ತಿ ಮಾಡುವ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟ್ ಹೊಡೆಯಬಾರದೆಂದು, ಲೈನು ಸತ್ತ ಕೂಡಲೇ, ಫಲಕಗಳ ಡಿಸಿಯನ್ನು ಮನೆಗೆ ಬೇಕಾದ ಎಸಿಯಾಗಿ ಬದಲಿಸುವ ಇನ್ವರ್ಟರ್ ತಾನಾಗಿ ನಿಲ್ಲುವಂತೆ ಮಾಡಿರುತ್ತಾರೆ. ವ್ಯವಸ್ಥೆ ಸರಿಯೇ, ಆದರೆ ಅದನ್ನು ಮೊದಲೇ ಹೇಳಬೇಕಿತ್ತು. ಜುಲೈನಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗ, ನಡುವೆ ಬಿಸಿಲು ಬಿದ್ದರೂ ಮನೆಯಲ್ಲಿ ಒಂದು ಬಲ್ಬು ಉರಿಯಲಿಲ್ಲ. ‘ಸೋಲಾರ್ ಹಾಕಿಸಿದ್ದೀರಿ, ನಿಮಗೇನು ಚಿಂತೆ’ ಎಂದ ನೆರೆಯವರಿಗೆ ಲಾಟೀನು ಹಿಡಿದುಕೊಂಡೇ ಉತ್ತರ ಕೊಟ್ಟೆ. ಕರೆಂಟ್ ಹೋದಾಗಲೂ ಬೆಳಕು ಬೇಕೆನ್ನುವವರು ಬ್ಯಾಟರಿ ಸಹಿತವಾದ ಹೈಬ್ರಿಡ್ ಇನ್ವರ್ಟರ್ ಕೇಳಬೇಕು. ಅದರ ಖರ್ಚು ಬೇರೆ, ಸಹಾಯಧನ ಮಾತ್ರ ಅಷ್ಟೇ. ಬೇಸಿಗೆಯ ಸಂಜೆ ವೋಲ್ಟೇಜ್ ತೀರಾ ಇಳಿದಾಗಲೂ ಇನ್ವರ್ಟರ್ ಲೈನಿನಿಂದ ಕಳಚಿಕೊಳ್ಳುತ್ತದೆ ಎಂಬುದನ್ನೂ ನಾವೇ ಕಂಡುಕೊಂಡೆವು.

ಉತ್ಪಾದನೆಯ ಲೆಕ್ಕವನ್ನು ಮಗಳು ಬರೆದಿಟ್ಟಿದ್ದಾಳೆ. ಮಾರ್ಚ್‌ನಲ್ಲಿ 418 ಯೂನಿಟ್ ಬಂದರೆ ಜುಲೈನಲ್ಲಿ 171. ಮೋಡ ಕವಿದು ಮಧ್ಯಾಹ್ನವೇ ದೀಪ ಹಚ್ಚುವ ದಿನಗಳಲ್ಲಿ ಎರಡು ಯೂನಿಟ್ ದಾಟಿದ್ದಿಲ್ಲ. ನಮ್ಮ ಬಳಕೆಯೋ ಮಳೆಗಾಲದಲ್ಲೇ ಹೆಚ್ಚು, ಬಟ್ಟೆ ಒಣಗಿಸುವ ಯಂತ್ರವೂ ಗೀಸರ್ರೂ ಓಡುವುದು ಆಗಲೇ. ಸಂಸ್ಥೆಯವರು ಕೊಟ್ಟ ಕಾಗದದಲ್ಲಿ ವರ್ಷದ ಹನ್ನೆರಡು ತಿಂಗಳಿಗೂ ಒಂದೇ ಅಂಕಿ ಇತ್ತು. ಆಗುಂಬೆಯ ಮಗ್ಗುಲಲ್ಲಿ ಹಾಗೆ ಬರೆದುಕೊಟ್ಟವರ ಧೈರ್ಯವನ್ನು ಮೆಚ್ಚಬೇಕು. ವರ್ಷಕ್ಕೆ ಒಟ್ಟು ಬಂದದ್ದು 3,760 ಯೂನಿಟ್. ಯೂನಿಟ್‌ಗೆ 5 ರೂಪಾಯಿ 80 ಪೈಸೆಯಂತೆ ಹಿಡಿದರೆ, ಲೈನಿಗೆ ಹೋದ ಹೆಚ್ಚುವರಿಗೆ ಸಿಗುವ ಕಡಿಮೆ ದರವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಉಳಿತಾಯ ಸುಮಾರು 20,000 ರೂಪಾಯಿ. ಸಹಾಯಧನ ಕಳೆದು ಉಳಿದ 1,27,000 ರೂಪಾಯಿ ವಾಪಸಾಗಲು ಆರು ವರ್ಷದ ಮೇಲಾಗುತ್ತದೆ. ಬಿಲ್ಲು ಪೂರ್ತಿ ಸೊನ್ನೆಯಾಗುವುದಿಲ್ಲ, ನಿಗದಿತ ಶುಲ್ಕ ಬರುತ್ತಲೇ ಇರುತ್ತದೆ.

ಈ ಲೆಕ್ಕ ನಮ್ಮಂಥ ಮನೆಗೆ ಮಾತ್ರ. ಎರಡು ಸಂಸಾರದ ನಮ್ಮ ಬಳಕೆ ತಿಂಗಳಿಗೆ 340 ಯೂನಿಟ್ ಆಸುಪಾಸು, ಹಾಗಾಗಿ 200 ಯೂನಿಟ್ ಮೀರಿದವರು ಪೂರ್ತಿ ಬಿಲ್ಲು ಕಟ್ಟಬೇಕಾದ ಗೃಹಜ್ಯೋತಿಯ ಲಾಭ ನಮಗೆ ಇರಲಿಲ್ಲ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಪಡೆಯುತ್ತಿರುವ ಮನೆಯವರು 78,000 ಸಿಗುತ್ತದೆಂಬ ಆಸೆಗೆ ಲಕ್ಷಕ್ಕೂ ಮಿಕ್ಕಿ ಹಣ ಹೂಡಿದರೆ ಉಳಿಸಿಕೊಳ್ಳಲು ಏನೂ ಇರುವುದಿಲ್ಲ. ನಮ್ಮ ಪಕ್ಕದ ಮನೆಗೆ ಅದೇ ಸಂಸ್ಥೆಯವರು ಬಂದು ಹಾಕಿಸಿ ಎಂದು ಒತ್ತಾಯಿಸಿದಾಗ, ಅವರ ಬಿಲ್ಲು ನೋಡಿ ಬೇಡವೆಂದು ಹೇಳಿದವನು ನಾನೇ.

ಈಗ ಬಾಕಿ ಇರುವುದು ನಿರ್ವಹಣೆ. ಮಳೆಗಾಲ ಮುಗಿದಾಗ ಫಲಕಗಳ ಕೆಳ ಅಂಚಿನಲ್ಲಿ ಒಂದು ಬೆರಳು ಅಗಲಕ್ಕೆ ಪಾಚಿ ಕಟ್ಟಿತ್ತು. ಮೆತ್ತಗಿನ ಬಟ್ಟೆ, ಬರಿಯ ನೀರಿನಲ್ಲಿ ನಾವೇ ಒರೆಸಿದೆವು, ಮರುದಿನದಿಂದ ದಿನಕ್ಕೆ ಒಂದು ಯೂನಿಟ್ ಹೆಚ್ಚು ಬಂತು. ಐದು ವರ್ಷದ ನಿರ್ವಹಣೆಯ ಕರಾರಿನಂತೆ ಸಂಸ್ಥೆಯವರು ಒಮ್ಮೆ ಬಂದು ಫೋಟೊ ತೆಗೆದುಕೊಂಡು ಹೋಗಿದ್ದಾರೆ. ಎರಡನೆಯ ಭೇಟಿ ಯುಗಾದಿಯ ಒಳಗೆ ಎಂದಿದ್ದಾರೆ. ಅರ್ತಿಂಗ್ ಗುಂಡಿಗಳನ್ನು ಅಳೆದು, ಅಂಕಿಯನ್ನು ಬರೆದು ಸಹಿ ಹಾಕಿ ಕೊಡಬೇಕೆಂದು ಈಗಲೇ ತಿಳಿಸಿದ್ದೇನೆ.