ನಿಕ್ಕಲ್ಲೋ, ರುಥೇನಿಯಮ್ಮೋ?

ಹೈಡ್ರೋಜನ್‌ನಲ್ಲಿ ಉಳಿದ ಕಾರ್ಬನ್ ಮಾನಾಕ್ಸೈಡನ್ನು ಮೀಥೇನ್ ಮಾಡಲು ಯಾವ ಕ್ಯಾಟಲಿಸ್ಟ್ (ವೇಗವರ್ಧಕ) ಕೊಳ್ಳೋಣ ಅಂತ ಯೋಚಿಸುತ್ತಿದ್ದೀರಾ? ಅಮೋನಿಯಾ ಪ್ಲಾಂಟ್ ಆದರೆ ನನ್ನ ಓಟು ನಿಕ್ಕಲ್‌ಗೇ. 1902ರಲ್ಲಿ ಫ್ರೆಂಚ್ ರಸಾಯನವಿಜ್ಞಾನಿಗಳಾದ ಸಬಾಟಿಯೆ, ಸೆಂಡರೆನ್ಸ್ ಈ ಕ್ರಿಯೆ ತೋರಿಸಿದ್ದೂ ಅದರಲ್ಲೇ. ಅಗ್ಗ, 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಚೆನ್ನಾಗಿ ದುಡಿಯುತ್ತದೆ. ರುಥೇನಿಯಂ ಅದಕ್ಕಿಂತ ಕಡಿಮೆ ಬಿಸಿಯಲ್ಲೇ ಚುರುಕು, ಆದರೆ ಜೇಬು ಸುಡುತ್ತದೆ. ಫ್ಯುಯೆಲ್ ಸೆಲ್‌ಗೆ ಹೈಡ್ರೋಜನ್ ಶುದ್ಧ ಮಾಡುವ ಪುಟ್ಟ ಘಟಕಕ್ಕಾದರೆ ಯೋಚಿಸಬಹುದು. ಗಂಧಕ ತಾಗಿದರೆ ಎರಡೂ ಕೆಡುತ್ತವೆ.

ನಿಕ್ಕಲ್‌ನ ನಿಜವಾದ ತಲೆನೋವು ಪ್ಲಾಂಟ್ ನಿಲ್ಲಿಸುವಾಗ. ಕ್ಯಾಟಲಿಸ್ಟ್ ತುಂಬಿದ ಹಾಸು 200 ಡಿಗ್ರಿಗಿಂತ ಕೆಳಗಿಳಿದಾಗ ಒಳಗೆ ಮಾನಾಕ್ಸೈಡ್ ಉಳಿದಿದ್ದರೆ ನಿಕ್ಕಲ್ ಕಾರ್ಬೊನಿಲ್ ಹುಟ್ಟಬಹುದು. ಅದು ಘೋರ ವಿಷ, ಸುಮ್ನೆ ಹೆದರಿಸುತ್ತಿಲ್ಲ. ತಣ್ಣಗಾಗುವ ಮೊದಲೇ ನೈಟ್ರೋಜನ್ ಹಾಯಿಸಿ ಅನಿಲ ಹೊರಹಾಕಬೇಕು. ಇನ್ನು ಬಿಸಿಯ ವಿಷಯ: ಅನಿಲದಲ್ಲಿ ಮಾನಾಕ್ಸೈಡ್‌ನ ಪಾಲು ಒಂದು ಶೇಕಡಾ ಅಂಶ ಜಾಸ್ತಿಯಾದರೆ ಹಾಸಿನ ತಾಪ 70 ಡಿಗ್ರಿಗೂ ಮೇಲೆ ಏರುತ್ತದೆ, ಲೋಹ ಯಾವುದೇ ಇರಲಿ.