ಇಂಟೆಲಿಜೆಯ ‘ಇನ್‌ಲೈನ್’: ನಾಲ್ಕು ಕೊಯ್ಲು ಕಳೆದ ಮೇಲೆ

ವಿರಾಜಪೇಟೆ ಕಡೆಯ ಕೆಲವು ಕಾಫಿ ತೋಟಗಳಿಗೆ ಹಣ್ಣಿನ ತೂಕ, ಕೂಲಿ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಜಾವಾದಲ್ಲಿ ಬರೆದದ್ದು, ಮೂರು ಜನರ ಕೈ ದಾಟಿ ನನಗೆ ಬಂದದ್ದು. ಕೋಡ್ ಬರೆಯುವ ಸಾಫ್ಟ್‌ವೇರ್ ಇಂಟೆಲಿಜೆ ಐಡಿಯಾ ಹಿಡಿದು ನಾಲ್ಕು ಕೊಯ್ಲಾಯಿತು. ಉಚಿತವಾಗಿ ಸಿಗುವುದೇ ನನಗೆ ಸಾಕು. ಜಾಸ್ತಿ ಒತ್ತುವ ಕೀಗಳು ಕಂಟ್ರೋಲ್, ಆಲ್ಟ್, ಎನ್. ಅದೇ ‘ಇನ್‌ಲೈನ್’, ಅಂದರೆ ಹೆಸರನ್ನು ತೆಗೆದು ಅದರೊಳಗಿನ ಕೋಡನ್ನೇ ಆ ಜಾಗಕ್ಕೆ ಹಾಕುವುದು.

ಹೊಸ ಮೆಥಡ್ (ಹೆಸರಿಟ್ಟ ಕೋಡ್ ತುಂಡು) ಮಾಡುವುದನ್ನು ಎಲ್ಲರೂ ಹೇಳಿಕೊಡುತ್ತಾರೆ. ಇರುವುದನ್ನು ತೆಗೆಯುವುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಕೋಡಿನಲ್ಲಿ ‘ಗೆಟ್‌ವೇಜ್’ ಅನ್ನುವ ಮೆಥಡ್ ಹೋಗಿ ‘ಕ್ಯಾಲ್ಕ್‌ವೇಜ್’ ಅನ್ನು ಕರೆಯುತ್ತಿತ್ತು, ಅದು ಇನ್ನೊಂದನ್ನು. ಕೊನೆಗೆ ಸಿಕ್ಕಿದ್ದು ಕಿಲೋವನ್ನು ದರದಿಂದ ಗುಣಿಸುವ ಒಂದೇ ಸಾಲು! ಹೆಸರಿನ ಮೇಲೆ ಕರ್ಸರ್ ಇಟ್ಟು ಇನ್‌ಲೈನ್ ಒತ್ತಿದೆ. ಕರೆದ ಕಡೆಗೆಲ್ಲ ಆ ಸಾಲು ಹೋಗಿ ಕೂತಿತು, ಮೆಥಡ್ ಮಾಯ. ಇದೊಂದು ಕಡೆ ಸಾಕಾ, ಎಲ್ಲ ಕಡೆ ಬೇಕಾ, ಮೂಲ ಮೆಥಡ್ ಉಳಿಯಲಾ ಅಂತ ಮೊದಲೇ ಕೇಳುತ್ತದೆ. ಕೂಡುವ ಲೆಕ್ಕ ಗುಣಿಸುವ ಲೆಕ್ಕದೊಳಗೆ ಹೋಗುವುದಿದ್ದರೆ ಬ್ರಾಕೆಟ್ ತಾನೇ ಹಾಕುತ್ತದೆ. ಫೈಂಡ್-ರಿಪ್ಲೇಸ್‌ಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು?

ಇದಕ್ಕೆ ನೆಟ್ ಬೇಡ. ಜುಲೈ ಮಳೆಗೆ ಕರೆಂಟೂ ಟವರೂ ಒಟ್ಟಿಗೆ ಹೋಗುವ ಊರಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಎರಡನೇ ಕೊಯ್ಲಿನಲ್ಲಿ ಎಡವಿದೆ. ತಕ್ಕಡಿ ಓದಿದ ತೂಕವನ್ನು ಒಂದು ವೇರಿಯಬಲ್‌ನಲ್ಲಿ, ಅಂದರೆ ಒಂದು ಹೆಸರಿನಡಿ, ಇಟ್ಟಿದ್ದರು. ಅದನ್ನೇ ಚೀಟಿಗೂ ರಿಜಿಸ್ಟರಿಗೂ ಬಳಸುತ್ತಿದ್ದರು. ಸುಮ್ನೆ ಇದೊಂದು ಯಾಕೆ ಅಂತ ಇನ್‌ಲೈನ್ ಮಾಡಿಬಿಟ್ಟೆ. ಎರರ್ ಏನೂ ಬರಲಿಲ್ಲ. ಆದರೆ ತಕ್ಕಡಿ ಓದುವ ಸಾಲು ಚೀಟಿ, ರಿಜಿಸ್ಟರ್ ಎರಡೂ ಕಡೆ ಹೋಗಿ ಕೂತು, ಅಲ್ಲಿಂದ ಪ್ರೋಗ್ರಾಂ ತಕ್ಕಡಿಯನ್ನು ಎರಡು ಸಲ ಓದತೊಡಗಿತು. ಚೀಟಿ ಪ್ರಿಂಟ್ ಆಗುವಷ್ಟರಲ್ಲಿ ಚೀಲ ಕೆಳಗಿಳಿದಿರುತ್ತದೆ ಅಲ್ವಾ? ಸಂಜೆ ತೋಟದ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿದರು. “ಇಡೀ ದಿನ ಕೊಯ್ದವರಿಗೆ ಸೊನ್ನೆ ಕಿಲೋ ಬರೆದಿದೆಯಲ್ಲ ಮಾರಾಯ!”

ತಪ್ಪು ಪೂರ್ತಿ ನನ್ನದೇ. ಈಗ ತಕ್ಕಡಿ, ಗಡಿಯಾರ, ಫೈಲ್ ಓದುವ ವೇರಿಯಬಲ್‌ಗಳ ತಂಟೆಗೆ ಹೋಗುವುದಿಲ್ಲ. ಲೆಕ್ಕ ಉದ್ದವಿದ್ದು ಹೆಸರೇ ಅದರ ಅರ್ಥ ಹೇಳುತ್ತಿದ್ದರೆ ಅದನ್ನೂ ಬಿಡುತ್ತೇನೆ. ಉಳಿದದ್ದಕ್ಕೆ ಐದಕ್ಕೆ ಐದು ಕೊಡಬಹುದು. ರೈಟರ್ ಮಾತ್ರ ಇವತ್ತಿಗೂ ಚೀಟಿ, ರಿಜಿಸ್ಟರ್ ಎರಡನ್ನೂ ತಾಳೆ ನೋಡದೆ ಸಹಿ ಹಾಕುವುದಿಲ್ಲ.