ಫ್ಲೈ ಕಟ್ಟುವ ಕಿಟ್: ವೈಸ್ ಇರಲಿ, ಪುಕ್ಕ ನಮ್ಮೂರಿನದೇ ಸಾಕು

ಮೀನು ಹಿಡಿಯಲು ಆನ್‌ಲೈನ್‌ನಲ್ಲಿ ಮೂರು ಸಾವಿರದ ಆಸುಪಾಸಿಗೆ ಸಿಗುವ ಫ್ಲೈ ಕಟ್ಟುವ ಕಿಟ್ ತಗೊಳ್ಳಬಹುದಾ ಅಂತ ಕೇಳುವವರಿಗೆ ನನ್ನ ಉತ್ತರ: ತಗೊಳ್ಳಿ, ಆದರೆ ಪೆಟ್ಟಿಗೆಯ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ ಅಂತ ತಿಳಿದೇ ತಗೊಳ್ಳಿ. ಗಾಳವನ್ನು ಕಚ್ಚಿ ಹಿಡಿಯುವ ವೈಸ್, ದಾರದ ಉರುಳೆ ಹಿಡಿಯುವ ಬಾಬಿನ್ ಹೋಲ್ಡರ್, ಕತ್ತರಿ, ಪುಕ್ಕ ಹಿಡಿಯುವ ಕ್ಲಿಪ್ಪು, ಕೊನೆಯ ಗಂಟು ಹಾಕುವ ವಿಪ್ ಫಿನಿಶರ್ ಕೆಲಸ ಮಾಡುತ್ತವೆ. ಚಿಕ್ಕ ಚಿಕ್ಕ ಕವರಿನಲ್ಲಿ ತುಂಬಿದ ಪುಕ್ಕ, ಕೂದಲು, ಗಾಳ ಎಲ್ಲ ತಣ್ಣೀರಿನ ಹೊಳೆಯ ಟ್ರೌಟ್ ಮೀನಿನ ಲೆಕ್ಕದಲ್ಲಿ ಇಟ್ಟದ್ದು. ಹರಿಹರದ ತುಂಗಭದ್ರೆಗೆ ಟ್ರೌಟ್ ಎಲ್ಲಿಂದ ಬರಬೇಕು?

ಗೊತ್ತಿಲ್ಲದವರಿಗೆ ಒಂದು ಮಾತು. ಎರೆಹುಳ, ಹಿಟ್ಟಿನ ಉಂಡೆ ಯಾವುದೂ ಇಲ್ಲದೆ, ಗಾಳಕ್ಕೇ ಪುಕ್ಕ ಮತ್ತು ದಾರ ಸುತ್ತಿ ಹುಳದ ಹಾಗೋ ಮರಿಮೀನಿನ ಹಾಗೋ ಮಾಡಿದರೆ ಅದು ಫ್ಲೈ. ಅದಕ್ಕೆ ತೂಕವೇ ಇರುವುದಿಲ್ಲ. ಹಾಗಾಗಿ ಅದನ್ನು ದೂರ ಎಸೆಯಲು ಬೇಕಾದ ತೂಕವನ್ನು ದಪ್ಪ ಲೈನಿನಲ್ಲೇ, ಅಂದರೆ ಎಸೆಯುವ ದಾರದಲ್ಲೇ, ಇಟ್ಟಿರುತ್ತಾರೆ.

ನಾನು ದಾವಣಗೆರೆಯಲ್ಲಿ ಟೈಲರ್. ವೈಸನ್ನು ಹೊಲಿಗೆ ಮಿಷನ್ನಿನ ಟೇಬಲ್ ಅಂಚಿಗೇ ಸ್ಕ್ರೂ ಹಾಕಿ ಬಿಗಿದಿದ್ದೇನೆ, ಗಟ್ಟಿಯಾಗಿ ಕೂತಿದೆ. ಬಂದ ದಿನವೇ ಒಂದು ಪರೀಕ್ಷೆ ಮಾಡಿ. ದೊಡ್ಡ ಗಾಳ ಒಂದನ್ನು ವೈಸಿನ ಬಾಯಿಗೆ ಕಚ್ಚಿಸಿ, ಗಾಳದ ಕಣ್ಣನ್ನು ಬೆರಳಿಂದ ಕೆಳಕ್ಕೆ ಒತ್ತಿ. ಗಾಳ ಸ್ಪ್ರಿಂಗಿನ ಹಾಗೆ ಬಾಗಿ ಮೇಲೇಳಬೇಕು. ಜಾರಿದರೆ ಆ ವೈಸ್ ಬೇಡ. ನನ್ನದು 6ನೇ ನಂಬರ್ ಗಾಳದವರೆಗೆ ಚೆನ್ನಾಗಿ ಹಿಡಿಯುತ್ತದೆ, 2ಕ್ಕೆ ಹೋದರೆ ಸ್ವಲ್ಪ ಜಾರುತ್ತದೆ. ಈ ಬೆಲೆಗೆ ನನಗೆ ತಕರಾರಿಲ್ಲ. ಅಂದ ಹಾಗೆ, ಗಾಳದ ನಂಬರ್ ದೊಡ್ಡದಾದಷ್ಟೂ ಗಾಳ ಚಿಕ್ಕದು, ಆರ್ಡರ್ ಮಾಡುವಾಗ ನೆನಪಿರಲಿ.

ತಕರಾರು ಇರುವುದು ಬಾಬಿನ್ ಹೋಲ್ಡರಿನ ಮೇಲೆ. ದಾರ ಹೊರಬರುವ ಕೊಳವೆಯ ಮೂತಿ ಒರಟಾಗಿತ್ತು. ಬಿಗಿ ಎಳೆದರೆ ದಾರ ಕಟ್! ಮಾರಿದವರನ್ನು ಕೇಳಿದರೆ ವಾಪಸ್ ಕಳಿಸಿ, ಕೊರಿಯರ್ ಖರ್ಚು ನಿಮ್ಮದು ಅಂದರು. ಅದರ ಸಹವಾಸವೇ ಬೇಡ ಅಂತ ಗಟ್ಟಿ ದಾರಕ್ಕೆ ಬ್ರಾಸೋ ಹಚ್ಚಿ ಕೊಳವೆಯೊಳಗೆ ಹಿಂದೆ ಮುಂದೆ ಎಳೆದೆ. ಈಗ ಸಲೀಸು. ದುಡ್ಡಿದ್ದವರು ಸೆರಾಮಿಕ್ ಕೊಳವೆಯದ್ದು ಬೇರೆ ತಗೊಳ್ಳಿ.

ಇನ್ನು ದಾರ. ಕಿಟ್ಟಿನಲ್ಲಿ ಬಂದದ್ದು 70 ಡೆನಿಯರ್, ಅಂದರೆ 9,000 ಮೀಟರ್ ದಾರ ತೂಗಿದರೆ 70 ಗ್ರಾಂ. ತೆಳ್ಳಗೆ, ಚಪ್ಪಟೆಯಾಗಿ ಕೂರುತ್ತದೆ, ಚಿಕ್ಕ ಫ್ಲೈಗೆ ಅದೇ ಸರಿ. ಆದರೆ ಕೊರವ ಮೀನಿಗೆ ಕಟ್ಟುವ ದಪ್ಪ ಫ್ಲೈಗೆ ನಾವು ಬ್ಲೌಸ್ ಹೊಲಿಯುವ ಪಾಲಿಯೆಸ್ಟರ್ ದಾರ ಸಾಕು. ಅದರ ಮೇಲಿನ ಜುಂಗು ಪುಕ್ಕವನ್ನು ಜಾರದಂತೆ ಹಿಡಿಯುತ್ತದೆ. ಮಿಷನ್ನಿನ ಬಾಬಿನ್‌ಗೇ ಸುತ್ತಿ, ಹೋಲ್ಡರಿನ ಕಾಲು ಸ್ವಲ್ಪ ಬಗ್ಗಿಸಿ ಹಾಕಿದ್ದೇನೆ. ಎಂಬ್ರಾಯ್ಡರಿಗೆ ಬರುವ ಹೊಳೆಯುವ ರೇಯಾನ್ ದಾರ ಮಾತ್ರ ಬೇಡ. ಎಷ್ಟೇ ಚಂದ ಕಂಡರೂ ನೆನೆದ ತಕ್ಷಣ ಅದರ ಶಕ್ತಿ ಇಳಿದುಹೋಗುತ್ತದೆ. ಹೊಳಪು ಬೇಕಾ? ಸೀರೆ ಅಂಚಿಗೆ ಹಾಕುವ ಪ್ಲಾಸ್ಟಿಕ್ ಜರಿ ಒಂದು ಸುತ್ತು ಹಾಕಿ, ತುಕ್ಕು ಹಿಡಿಯುವುದಿಲ್ಲ. ಫ್ಲೈ ಮುಳುಗಲು ತೂಕ ಬೇಕಾದರೆ ಫ್ಯೂಸ್ ವೈರ್. ಮೈಗೆ ಸ್ವೆಟರ್ ಉಲ್ಲನ್. ಗಂಟಿನ ಮೇಲೆ ಬಣ್ಣವಿಲ್ಲದ ನೈಲ್ ಪಾಲಿಶ್.

ಪುಕ್ಕದ ಕಥೆ ಬೇರೆ. ಕಿಟ್ಟಿನ ಕೆಂಪು ಪುಕ್ಕ ನೀರಿಗೆ ಹಾಕಿದರೆ ಬಣ್ಣ ಬಿಡುತ್ತಿತ್ತು, ಮೇಲಾಗಿ ಅರ್ಧದಷ್ಟು ಮುರಿದ ತುದಿ. ನಮ್ಮ ಬೀದಿಯ ಕೋಳಿ ಅಂಗಡಿಯಲ್ಲಿ ನಾಟಿ ಹುಂಜದ ಕುತ್ತಿಗೆ ಪುಕ್ಕ ಕೊಡಪ್ಪ ಅಂದೆ. 'ಏನಣ್ಣ, ಬಟ್ಟೆ ಬಿಟ್ಟು ದಿಂಬು ಹೊಲಿಯೋಕೆ ಶುರು ಮಾಡಿದ್ರಾ?' ಅಂತ ಹುಡುಗ ನಕ್ಕ. ದುಡ್ಡು ತಗೊಳ್ಳಲಿಲ್ಲ. ಹುಂಜದ ಕುತ್ತಿಗೆ ಪುಕ್ಕ ಬಿರುಸು, ಗಾಳಕ್ಕೆ ಸುತ್ತಿದರೆ ಎಳೆಗಳು ನೆಟ್ಟಗೆ ನಿಲ್ಲುತ್ತವೆ. ಬ್ರಾಯ್ಲರ್ ಪುಕ್ಕ ಆ ಕೆಲಸಕ್ಕೆ ಬಾರದು, ಆದರೆ ತೊಡೆ ಹತ್ತಿರದ ಮೆತ್ತನೆ ಪುಕ್ಕ ಬಾಲಕ್ಕೆ ಚೆನ್ನಾಗಿದೆ, ನೀರಲ್ಲಿ ಉಸಿರಾಡಿದ ಹಾಗೆ ಅಲುಗುತ್ತದೆ. ಸೋಪಿನ ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ನುಸಿಗುಳಿಗೆ ಹಾಕಿ ಡಬ್ಬಿಯಲ್ಲಿಡಿ. ಮನೆಯವರ ಬೈಗುಳ ತಪ್ಪಿದ್ದಲ್ಲ.

ಕಿಟ್ಟಿನಲ್ಲಿ ನವಿಲುಗರಿಯ ಎಳೆಯೂ ಒಂದಿಷ್ಟು ಇತ್ತು. ಹೊಲದ ಬದುವಿನಲ್ಲಿ ತಾನಾಗಿ ಉದುರಿದ ಗರಿ ಒಂದು ಸಿಕ್ಕರೆ ಬಹಳ ಕಾಲ ಬರುತ್ತದೆ. ಉದುರಿದ್ದು ಮಾತ್ರ. ನವಿಲನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ.

ಗಾಳಗಳನ್ನು ಪಕ್ಕಕ್ಕಿಡಿ. ಎಲ್ಲ 12, 14ನೇ ನಂಬರಿನ ತೆಳು ತಂತಿಯವು. ಒಳ್ಳೆ ಸೈಜಿನ ರೋಹು ಎಳೆದರೆ ನೆಟ್ಟಗಾಗುತ್ತವೆ. ಪಕ್ಕೆ, ಜಿಲೇಬಿ ಮೀನಿಗೆ 8 ಅಥವಾ 10, ಕೊರವಕ್ಕೆ 4 ಅಥವಾ 6, ದಪ್ಪ ತಂತಿಯವು ಬೇರೆ ಕೊಳ್ಳಿ. ಕೊರವಕ್ಕೆ ಹಳೇ ಹವಾಯಿ ಚಪ್ಪಲಿ ಕತ್ತರಿಸಿ ತೇಲುವ ಕಪ್ಪೆ ಮಾಡಿದರೆ ಜೊಂಡಿನ ಅಂಚಿನಲ್ಲಿ ಒಳ್ಳೆ ಕೆಲಸ. ಕೆಂಪು ಮರಿಗಳ ಗುಂಪು ಕಾಯುತ್ತಿರುವ ಕೊರವವನ್ನು ಬಿಟ್ಟುಬಿಡಿ, ಅದು ಹೋದರೆ ಮರಿಗಳೂ ಉಳಿಯುವುದಿಲ್ಲ.

ರಾಡ್, ರೀಲ್, ಲೈನ್ ಸೇರಿದ ಸೆಟ್ಟನ್ನು ಬೇರೆ ಕಡೆಯಿಂದ ತರಿಸಿದೆ. 9 ಅಡಿ, 5ನೇ ನಂಬರ್, ನಾಲ್ಕು ತುಂಡು. ಇಲ್ಲಿ ಗಾಳದ ಹಾಗಲ್ಲ, ನಂಬರ್ ದೊಡ್ಡದಾದಷ್ಟೂ ಲೈನ್ ಭಾರ. ರಾಡ್ ಪರವಾಗಿಲ್ಲ. ಲೈನ್ ಮೇಲೆ ನನಗೆ ಅನುಮಾನ ಬಂತು. 5ನೇ ನಂಬರ್ ಲೈನಿನ ಮೊದಲ 30 ಅಡಿ 140 ಗ್ರೇನ್ ತೂಗಬೇಕು, ಅಂದರೆ 9 ಗ್ರಾಂ ಚಿಲ್ಲರೆ. ಪರಿಚಯದ ಅಕ್ಕಸಾಲಿಗರ ತಕ್ಕಡಿಗೆ ಹಾಕಿಸಿದೆ. 11 ಗ್ರಾಂ ದಾಟಿತು! 6ನೇ ನಂಬರ್ ಲೈನಿಗಿಂತ ಭಾರ ಅದು. ಹೊಸಬರಿಗೆ ಇದರಿಂದ ತೊಂದರೆ ಇಲ್ಲ ಅನ್ನಿ, ಭಾರದ ಲೈನ್ ರಾಡನ್ನು ಬೇಗ ಬಗ್ಗಿಸುತ್ತದೆ, ಎಸೆಯುವುದು ಸುಲಭ. ಆದರೆ ಡಬ್ಬಿ ಮೇಲೆ ಒಂದು ಬರೆದು ಒಳಗೆ ಇನ್ನೊಂದು ಇಡುವುದು ಸರಿಯಲ್ಲ. ಚಪ್ಪಲಿ ಕಪ್ಪೆ ಎಸೆಯಲು ಮಾತ್ರ 5 ಸಾಲದು, 8 ಬೇಕು. ಲೈನನ್ನು ಸ್ಕೂಟರ್ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ. ಸೊಳ್ಳೆಗೆ ಹಚ್ಚುವ ಕ್ರೀಮಿನ ಕೈಯಲ್ಲಿ ಮುಟ್ಟಲೂ ಬೇಡಿ. ಅದರಲ್ಲಿ ಡೀಟ್ ಅನ್ನುವ ರಾಸಾಯನಿಕ ಇದ್ದರೆ ಲೈನಿನ ಹೊದಿಕೆ ಹಾಳಾಗುತ್ತದೆ.

ಕಲಿಯಲು ಬೇಸಿಗೆಯ ತುಂಗಭದ್ರೆಯೇ ಒಳ್ಳೆಯದು. ನೀರು ಇಳಿದು ಮರಳಿನ ದಂಡೆ ತೆರೆದಿರುತ್ತದೆ, ಮುಂದಕ್ಕೆ ಎಸೆಯುವ ಮೊದಲು ಲೈನ್ ಹಿಂದಕ್ಕೆ ಹಾರಿಸಲು ಜಾಗ ಸಿಗುತ್ತದೆ. ಹಿಂದೆ ಬಟ್ಟೆ ಒಗೆಯುವವರು, ಎಮ್ಮೆ ತೊಳೆಯುವವರು ಇದ್ದಾರಾ ನೋಡಿಕೊಳ್ಳಿ. ಗಾಳದ ತುದಿಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದರೆ ಎಮ್ಮೆಗೂ ನಿಮ್ಮ ಕಿವಿಗೂ ಕ್ಷೇಮ. ಸೂಳೆಕೆರೆಗೆ ಹೋಗುವವರು ಮೊದಲು ಮೀನಿನ ಗುತ್ತಿಗೆ ಯಾರದ್ದು ಅಂತ ವಿಚಾರಿಸಿ, ಅವರನ್ನು ಕೇಳಿಯೇ ಲೈನ್ ಹಾಕಿ. ಹಿಡಿದದ್ದನ್ನು ವಾಪಸ್ ಬಿಡುತ್ತೇವೆ ಅಂದರೆ ಮೊದಲು ನಂಬುವುದಿಲ್ಲ, ಒಂದು ಮೀನು ಅವರ ಎದುರೇ ಬಿಟ್ಟು ತೋರಿಸಿ.